ಪುಟ್ಟ ಮಕ್ಕಳಿರುವ ಮನೆಗೆ ಟಿವಿ: ಅಳತೆ ಟೇಪಿನಿಂದ ಪಿನ್ ಲಾಕ್‌ವರೆಗೆ

ಅಂಗಡಿಯಲ್ಲಿ ಎಲ್ಲಾ ಟಿವಿಯೂ ಚೆನ್ನಾಗೇ ಕಾಣುತ್ತದೆ. ಸಾಲಾಗಿ ನಿಲ್ಲಿಸಿದ ಅಷ್ಟೂ ಪರದೆಗಳಲ್ಲಿ ಅದೇ ಡೆಮೊ ವಿಡಿಯೊ: ಬಣ್ಣದ ಮೀನು, ಕತ್ತರಿಸಿದ ಕಿತ್ತಳೆ, ಯಾವುದೋ ಊರಿನ ರಾತ್ರಿ ದೀಪಗಳು. ಬ್ರೈಟ್‌ನೆಸ್ ಪೂರ್ತಿ ಏರಿಸಿರುತ್ತಾರೆ. ಅಲ್ಲಿ ನಿಂತು ತೀರ್ಮಾನ ಮಾಡಿದರೆ ಬಣ್ಣ ನೋಡಿಯೇ ಮಾಡುತ್ತೀರಿ.

ಎರಡು ಮೂರು ವರ್ಷದ ಮಗು ಓಡಾಡುವ ಮನೆಯಲ್ಲಿ ಬಣ್ಣದ ಸರದಿ ಬರುವುದು ಕೊನೆಗೆ. ಟಿವಿ ಮಗುವಿನ ಮೇಲೆ ಬೀಳಬಾರದು. ಮಗು ಎಸೆದದ್ದು ಟಿವಿ ಮೇಲೆ ಬೀಳಬಾರದು. ಅಡುಗೆಮನೆಯಲ್ಲಿ ನೀವು ಸಾರು ಕುದಿಸುತ್ತಿರುವಾಗ ಮಗು ತಾನಾಗೇ ಏನೇನೋ ಹಾಕಿಕೊಂಡು ಕೂರಬಾರದು. ಇವು ಮೂರೂ ಸರಿಯಾದರೆ ಮಧ್ಯಮ ಬೆಲೆಯ ಯಾವ ಟಿವಿ ತಂದರೂ ನಡೆಯುತ್ತದೆ. ಹಾಗಾಗಿ ಒಟ್ಟು ಬಜೆಟ್‌ನಲ್ಲಿ ಗೋಡೆಗೆ ಹಾಕುವ ಬ್ರಾಕೆಟ್, ಪ್ಲಗ್ ಪಾಯಿಂಟ್, ಕರೆಂಟ್ ದಿಢೀರ್ ಏರಿದಾಗ ಟಿವಿ ಕಾಯುವ ಸರ್ಜ್ ಪ್ರೊಟೆಕ್ಟರ್‌ಗೆ ಒಂದೆರಡು ಸಾವಿರ ಮೊದಲೇ ತೆಗೆದಿಡಿ. ಉಳಿದದ್ದರಲ್ಲಿ ಟಿವಿ.

ಶುರುವಿಗೆ: ಯಾರು ನೋಡುತ್ತಾರೆ, ಎಷ್ಟು ಹೊತ್ತು

ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲಿ ಕೊಟ್ಟ ಸಲಹೆ ಹೀಗಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ದೂರದ ಅಜ್ಜಿ ತಾತನ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕಾಲ್ ಬಿಟ್ಟು. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ. ಈ ಲೆಕ್ಕದಲ್ಲಿ ಟಿವಿ, ಮೊಬೈಲ್, ಟ್ಯಾಬ್ ಎಲ್ಲಾ ಸೇರಿವೆ.

ಅಂದರೆ ಮಗು ನೋಡುವುದು ಒಂದು ಗಂಟೆ. ಉಳಿದ ಹೊತ್ತು ಟಿವಿ ಮನೆಯವರದ್ದು: ಸಂಜೆ ಅಜ್ಜಿಯ ಸೀರಿಯಲ್, ರಾತ್ರಿ ವಾರ್ತೆ, ಭಾನುವಾರ ಕ್ರಿಕೆಟ್, ವಾರಕ್ಕೊಂದು ಸಿನಿಮಾ. ಮಕ್ಕಳಿಗೆ ಅಂತ ವಿಶೇಷವಾಗಿ ಯಾವ ಟಿವಿಯೂ ಬೇಕಿಲ್ಲ. ದೊಡ್ಡವರು ನೋಡುವ ಟಿವಿಯನ್ನೇ ಮಕ್ಕಳಿಗೆ ಅಪಾಯವಾಗದ ಹಾಗೆ ಕೂರಿಸಬೇಕು. ಯಾರು ಏನು ನೋಡುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯ ಹುಡುಗ ಮುಂದಿನ ಮಾಡೆಲ್ ತೋರಿಸುವಾಗ ಈ ಚೀಟಿ ಕೆಲಸಕ್ಕೆ ಬರುತ್ತದೆ.

ಜಾಗವನ್ನೂ ಈಗಲೇ ತೀರ್ಮಾನಿಸಿ. ಹಾಲ್‌ನಲ್ಲೇ ಇರಲಿ. ಮಲಗುವ ಕೋಣೆಯಲ್ಲಿ, ಅದರಲ್ಲೂ ಮಕ್ಕಳ ಕೋಣೆಯಲ್ಲಿ ಟಿವಿ ಇಟ್ಟರೆ ಯಾವ ಪಿನ್, ಯಾವ ಲಾಕ್ ಹಾಕಿದರೂ ಕಾಯಲು ಆಗುವುದಿಲ್ಲ.

ಎರಡನೇ ಹೆಜ್ಜೆ: ಟೇಪ್ ಹಿಡಿದು ಅಳೆಯಿರಿ

ಟಿವಿಯ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಇರುವ ಅಳತೆ. ಅಗಲ ಬೇರೆ. 43 ಇಂಚಿನ ಟಿವಿ ಸುಮಾರು 96 ಸೆಂಟಿಮೀಟರ್ ಅಗಲ ಇರುತ್ತದೆ, 50 ಇಂಚಿನದು 112, 55 ಇಂಚಿನದು 123, 65 ಇಂಚಿನದು 145. ಹಳೇ ಶೋಕೇಸ್‌ನ ಗೂಡಿನಲ್ಲಿ ಕೂರಿಸುವ ಯೋಚನೆ ಇದ್ದರೆ ಮೊದಲು ಆ ಗೂಡು ಅಳೆಯಿರಿ. ಸುತ್ತ ಗಾಳಿಯಾಡಲು ಒಂದೊಂದು ಅಂಗೈ ಅಗಲ ಬೇಕು.

ಆಮೇಲೆ ಸೋಫಾದಿಂದ ಗೋಡೆಗೆ ಇರುವ ದೂರ. ಒಂದು ಸುಲಭದ ಲೆಕ್ಕ ಇದೆ: ಟಿವಿಯ ಇಂಚನ್ನು 1.6ರಿಂದ ಗುಣಿಸಿ, 12ರಿಂದ ಭಾಗಿಸಿ. ಬಂದದ್ದು ಹಿತವಾಗಿ ನೋಡಲು ಬೇಕಾದ ಅಡಿ. 43 ಇಂಚಿಗೆ ಸುಮಾರು ಆರು ಅಡಿ, 55ಕ್ಕೆ ಏಳೂವರೆ, 65ಕ್ಕೆ ಒಂಬತ್ತು ಹತ್ತಿರ.

ಈ ಲೆಕ್ಕ ಸೋಫಾದಲ್ಲಿ ಕೂರುವ ದೊಡ್ಡವರಿಗೆ. ಮಕ್ಕಳು ಸೋಫಾದಲ್ಲಿ ಎಲ್ಲಿ ಕೂರುತ್ತಾರೆ? ಚಾಪೆ ಮೇಲೆ ಕೂತವರು ಜಾರುತ್ತಾ ಜಾರುತ್ತಾ ಪರದೆಯ ಬುಡಕ್ಕೇ ಹೋಗಿರುತ್ತಾರೆ. ಅದಕ್ಕೆ ಲೆಕ್ಕದಲ್ಲಿ ಬಂದ ಅಳತೆಗಿಂತ ಒಂದು ಸೈಜ್ ಕಡಿಮೆ ತೆಗೆದುಕೊಳ್ಳುವುದು ನನ್ನ ಸಲಹೆ. ಎಂಟು ಅಡಿ ದೂರ ಸಿಗುವ ಹಾಲ್‌ಗೆ 50 ಇಂಚು ಧಾರಾಳ. ಆರು ಅಡಿ ಮಾತ್ರ ಇದ್ದರೆ 43 ದಾಟಬೇಡಿ. ನೆಲದ ಮೇಲೆ ಒಂದು ರಂಗುರಂಗಿನ ಟೇಪ್ ಅಂಟಿಸಿ, ಇದರಾಚೆ ಕೂತರೆ ಟಿವಿ ಆಫ್ ಅಂತ ಹೇಳಿ ನೋಡಿ. ನಾಲ್ಕು ವರ್ಷದ ಮಕ್ಕಳಿಗೆ ಇಂಥ ಗೆರೆ ಪಾಲಿಸುವುದೇ ಒಂದು ಆಟ.

ಎಷ್ಟು ಹೇಳಿದರೂ ಮಗು ಪರದೆ ಹತ್ತಿರವೇ ಹೋಗುತ್ತಿದ್ದರೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ಗದರುವ ಮೊದಲು ಒಮ್ಮೆ ಕಣ್ಣಿನ ಡಾಕ್ಟರ್‌ಗೆ ತೋರಿಸಿ. ಹತ್ತಿರ ಕೂತದ್ದರಿಂದ ದೃಷ್ಟಿ ಹಾಳಾಯಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ದೂರದ್ದು ಮಸುಕಾಗಿ ಕಾಣುವುದಕ್ಕೇ ಮಗು ಹತ್ತಿರ ಹೋಗಿರುತ್ತದೆ.

ಇನ್ನೊಂದು ವಿಷಯ. ನಿಮ್ಮ ಮನೆಯಲ್ಲಿ ಜಾಸ್ತಿ ಓಡುವುದು ಡಿಶ್ ಅಥವಾ ಕೇಬಲ್‌ನ ಎಸ್‌ಡಿ, ಅಂದರೆ ಕಡಿಮೆ ಸ್ಪಷ್ಟತೆಯ ಚಾನೆಲ್‌ಗಳಾದರೆ ದೊಡ್ಡ ಪರದೆಯಲ್ಲಿ ಮುಖಗಳೆಲ್ಲ ಕಲಸಿದ ಹಾಗೆ ಕಾಣುತ್ತವೆ. ಕನ್ನಡ ಚಾನೆಲ್‌ಗಳನ್ನು ಎಚ್‌ಡಿ ಪ್ಯಾಕ್‌ನಲ್ಲಿ ಹಾಕಿಸಿದರೆ ತಿಂಗಳ ಖರ್ಚು ಸ್ವಲ್ಪ ಏರುತ್ತದೆ. ಅದನ್ನೂ ಬಜೆಟ್‌ಗೆ ಸೇರಿಸಿ.

ಮೂರನೇ ಹೆಜ್ಜೆ: ಗೋಡೆಗೋ, ಸ್ಟ್ಯಾಂಡಿಗೋ

ಸಣ್ಣ ಮಕ್ಕಳಿದ್ದರೆ ಗೋಡೆಗೇ ಹಾಕಿಸಿ. ಈಗಿನ ಟಿವಿಗಳು ತೆಳ್ಳಗೆ, ಹಗುರ. 43 ಇಂಚಿನದು ಎಂಟು ಕೆಜಿ ಆಸುಪಾಸು ಇರುತ್ತದೆ. ಹಗುರ ಅನ್ನುವುದೇ ತೊಂದರೆ. ಒಂದೂವರೆ ವರ್ಷದ ಮಗು ಅಂಚು ಹಿಡಿದು ಎದ್ದು ನಿಲ್ಲಲು ನೋಡಿದರೆ ಸಾಕು, ಎರಡು ಸಣ್ಣ ಕಾಲಿನ ಮೇಲೆ ನಿಂತ ಟಿವಿ ಮುಂದಕ್ಕೆ ಬಾಗುತ್ತದೆ. ಟಿವಿ ಸ್ಟ್ಯಾಂಡಿನ ಡ್ರಾಯರ್‌ಗಳನ್ನು ಎಳೆದು ಮಕ್ಕಳು ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಟಿವಿ ಕೆಳಗೆ ಹಾಸಿದ ಕ್ರೋಶದ ಬಟ್ಟೆ ಎಳೆದರೆ ಟಿವಿಯೂ ಜೊತೆಗೆ ಬರುತ್ತದೆ. ಟಿವಿ ಮೇಲೆ ಅಥವಾ ಹಿಂದೆ ಆಟದ ಸಾಮಾನು, ಚಾಕೊಲೇಟ್, ರಿಮೋಟ್ ಬಚ್ಚಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಮಗುವನ್ನು ಹತ್ತಿಸಲು ಅದಕ್ಕಿಂತ ಒಳ್ಳೆ ಆಮಿಷ ಇಲ್ಲ.

ಗೋಡೆಗೆ ಹಾಕುವ ಮುನ್ನ ಗೋಡೆ ಯಾವುದು ಅಂತ ತಿಳಿದುಕೊಳ್ಳಿ. ಇನ್‌ಸ್ಟಾಲ್ ಮಾಡಲು ಬಂದವರು ಎಲ್ಲಾ ಗೋಡೆಗೂ ಅದೇ ಪ್ಲಾಸ್ಟಿಕ್ ಗಟ್ಟ (ಸ್ಕ್ರೂ ಹಿಡಿದುಕೊಳ್ಳಲು ತೂತಿಗೆ ತೂರಿಸುವುದು) ಬಡಿದು ಹೋಗುವುದುಂಟು. ಡ್ರಿಲ್ ಹಾಕುವಾಗ ಪಕ್ಕದಲ್ಲೇ ನಿಂತು ಉದುರುವ ಪುಡಿ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಪುಡಿ ಬಂದು ಡ್ರಿಲ್ ಒದ್ದಾಡುತ್ತಿದ್ದರೆ ಕಾಂಕ್ರೀಟ್ ಅಥವಾ ಗಟ್ಟಿ ಬ್ಲಾಕ್. ಇವೆರಡಕ್ಕೂ ಉದ್ದನೆಯ ಗಟ್ಟ, ಸರಿಯಾದ ಸ್ಕ್ರೂ ಸಾಕು. ಬಿಳಿಚಿದ ಮೃದು ಪುಡಿ ಉದುರಿ ಬಿಟ್ ಸಲೀಸಾಗಿ ಒಳಗೆ ಹೋದರೆ ಅದು ಎಎಸಿ ಅನ್ನುವ ಹಗುರ ಕಾಂಕ್ರೀಟ್ ಬ್ಲಾಕ್, ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ತುಂಬಾ ಕಡೆ ಇದೇ. ಇದಕ್ಕೆ ಬೇರೆಯದೇ ಆಂಕರ್ ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಎಎಸಿ ಬ್ಲಾಕಿನ ಆಂಕರ್ ಅಂತಲೇ ಕೇಳಿ. ಸ್ವಲ್ಪ ಒಳಗೆ ಹೋದ ಮೇಲೆ ಬಿಟ್ ದಢಕ್ಕನೆ ಟೊಳ್ಳಿಗೆ ಬಿದ್ದರೆ ಹಾಲೋ ಬ್ಲಾಕ್. ಆ ತೂತು ಬಿಟ್ಟು ಗಟ್ಟಿ ಜಾಗ ಹುಡುಕಿಸಿ. ಕರಾವಳಿಯ ಮುರಕಲ್ಲಿನ ಗೋಡೆಯಲ್ಲಿ ಕಲ್ಲಿನ ಮಧ್ಯೆ ತೂತು ಹಾಕಿಸಿ, ಸಂದಿನ ಗಾರೆಯಲ್ಲಿ ಬೇಡ.

ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಹಾಕಿಸಬೇಡಿ. ಒಳಗಿನ ವೈರಿನ ಪೈಪ್ ಸಾಮಾನ್ಯವಾಗಿ ಅದೇ ಸಾಲಿನಲ್ಲಿ ಇಳಿದಿರುತ್ತದೆ. ಆಚೆ ಬದಿಯಲ್ಲಿ ಬಾತ್‌ರೂಮ್ ಇದ್ದರೆ ನೀರಿನ ಪೈಪ್ ನೆನಪಿರಲಿ. ಬಾಡಿಗೆ ಮನೆಯಾದರೆ ಓನರ್‌ಗೆ ಮೊದಲೇ ಒಂದು ಮಾತು ಹೇಳಿ, ವಾಟ್ಸಾಪ್‌ನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಅಡ್ವಾನ್ಸ್ ವಾಪಸ್ ಕೇಳುವ ದಿನ ಗೋಡೆಯ ತೂತಿನ ಲೆಕ್ಕ ಬಂದೇ ಬರುತ್ತದೆ.

ಬ್ರಾಕೆಟ್‌ನಲ್ಲಿ ಮೂರು ಥರ: ಗೋಡೆಗೆ ಅಂಟಿಕೊಂಡಿರುವುದು, ಸ್ವಲ್ಪ ಮುಂದಕ್ಕೆ ಬಾಗುವುದು, ಕೈಯಂತೆ ಹೊರಗೆ ಎಳೆದು ತಿರುಗಿಸುವುದು. ಮೂರನೆಯದು ನೋಡಲು ಚೆಂದ, ಮಕ್ಕಳ ಮನೆಗೆ ಬೇಡ. ಹೊರಗೆ ಚಾಚಿಕೊಂಡಿದ್ದರೆ ಜೋತು ಬೀಳಲು ಹೇಳಿ ಮಾಡಿಸಿದ ಹಾಗೆ ಇರುತ್ತದೆ. ಸ್ವಲ್ಪ ಬಾಗುವಂಥದ್ದು ತೆಗೆದುಕೊಳ್ಳಿ. ಟಿವಿ ಹಿಂದೆ ನಾಲ್ಕು ಸ್ಕ್ರೂ ತೂತುಗಳಿರುತ್ತವೆ. ಅವುಗಳ ನಡುವಿನ ಅಂತರಕ್ಕೆ ವೇಸಾ ಅಳತೆ ಅಂತಾರೆ, 200 ಗುಣಿಸು 200 ಮಿಲಿಮೀಟರ್ ಅನ್ನುವ ಹಾಗೆ. ಬ್ರಾಕೆಟ್ ಅದಕ್ಕೆ ಹೊಂದಬೇಕು, ಟಿವಿಯ ತೂಕವನ್ನೂ ಹೊರಬೇಕು.

ಎತ್ತರ ಎಷ್ಟು? ಪರದೆಯ ಕೆಳ ಅಂಚು ನೆಲದಿಂದ ಮೂರು ಅಡಿಗೆ ಬಂದರೆ ಅಂಬೆಗಾಲಿಡುವವರ ಕೈಗೆ ಸಿಗುವುದಿಲ್ಲ, ಸೋಫಾದವರಿಗೂ ಕತ್ತು ನೋಯುವುದಿಲ್ಲ. ಕೆಲವರು ದೇವರ ಪಟದ ಎತ್ತರಕ್ಕೆ ಹಾಕಿಸುತ್ತಾರೆ. ಒಂದು ಪೂರ್ತಿ ಸಿನಿಮಾ ನೋಡಿದ ಮೇಲೆ ಕತ್ತು ಹಿಡಿದುಕೊಂಡು ಓಡಾಡುತ್ತಾರೆ.

ಗೋಡೆಗೆ ಹಾಕಲು ಆಗುವುದೇ ಇಲ್ಲ ಅಂದರೆ ಎರಡು ಕೆಲಸ ಮಾಡಿ. ಟಿವಿಯ ಹಿಂದಿನ ಸ್ಕ್ರೂ ತೂತಿಗೆ ನೈಲಾನ್ ಬೆಲ್ಟ್ ಕಟ್ಟಿ ಅದನ್ನು ಗೋಡೆಗೆ ಬಿಗಿಸಿ. ಟಿವಿ ಕೂತಿರುವ ಸ್ಟ್ಯಾಂಡನ್ನೂ ಎಲ್ ಕ್ಲಾಂಪ್ ಹಾಕಿ ಗೋಡೆಗೆ ಕಚ್ಚಿಸಿ. ಟಿವಿಯ ಎರಡು ಕಾಲುಗಳ ನಡುವಿನ ಅಂತರವನ್ನು ಅಂಗಡಿಯಲ್ಲೇ ಅಳೆದುಕೊಳ್ಳಿ. ಈಗ ಹಲವು ಮಾಡೆಲ್‌ಗಳಲ್ಲಿ ಕಾಲುಗಳು ತೀರಾ ಅಂಚಿಗಿವೆ, ಮನೆಯ ಮೇಜು ಅಷ್ಟು ಅಗಲ ಇರದೆ ಹೋಗಬಹುದು.

ಜೋತಾಡುವ ವೈರ್ ಬಿಡಬೇಡಿ. ಟಿವಿ ಹಿಂದೆಯೇ ಒಂದು ಪ್ಲಗ್ ಪಾಯಿಂಟ್ ಮಾಡಿಸಿದರೆ ಎಲ್ಲಾ ವೈರ್ ಮರೆಯಾಗುತ್ತದೆ. ಆಗುವುದಿಲ್ಲ ಅಂದರೆ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಪಿವಿಸಿ ಪಟ್ಟಿಯೊಳಗೆ ತೂರಿಸಿ.

ನಾಲ್ಕನೇ ಹೆಜ್ಜೆ: ಪರದೆಯ ಜಾತಿ

ಇದರಲ್ಲಿ ಜನ ತಲೆ ಕೆಡಿಸಿಕೊಳ್ಳುವಷ್ಟು ಏನೂ ಇಲ್ಲ. 43 ಇಂಚು ಮತ್ತು ಮೇಲ್ಪಟ್ಟು 4ಕೆ ತೆಗೆದುಕೊಳ್ಳಿ. 32 ಇಂಚಿಗೆ ಸಾಧ್ಯವಾದರೆ ಫುಲ್ ಎಚ್‌ಡಿ, ಇಲ್ಲದಿದ್ದರೆ ಎಚ್‌ಡಿ ರೆಡಿ ನಡೆಯುತ್ತದೆ.

ಕ್ಯೂಎಲ್‌ಇಡಿ ಅಂದರೂ ಅದು ಎಲ್‌ಇಡಿ ಬೆಳಕಿನ ಎಲ್‌ಸಿಡಿಯೇ, ಬಣ್ಣಕ್ಕೆ ಒಂದು ಪದರ ಹೆಚ್ಚು. ಓಎಲ್‌ಇಡಿ ಬೇರೆ. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ. ಚಿತ್ರ ಅದ್ಭುತ, ಬೆಲೆಯೂ ಹಾಗೇ. ಆದರೆ ಒಂದೇ ಚಾನೆಲ್‌ನ ಲೋಗೊ ದಿನಕ್ಕೆ ಗಂಟೆಗಟ್ಟಲೆ ಅದೇ ಮೂಲೆಯಲ್ಲಿ ನಿಂತರೆ ವರ್ಷಗಳು ಕಳೆದಂತೆ ಅದರ ಅಚ್ಚು ಉಳಿಯುವ ಸಾಧ್ಯತೆ ಇದೆ. ಬೆಳಗ್ಗೆ ವಾರ್ತಾ ಚಾನೆಲ್, ಸಂಜೆ ಕಾರ್ಟೂನ್ ಚಾನೆಲ್ ಓಡುವ ಮನೆಗೆ ನಾನು ಓಎಲ್‌ಇಡಿ ಹೇಳುವುದಿಲ್ಲ. ಮಕ್ಕಳು ಚೆಂಡಾಟ ಬಿಟ್ಟ ಮೇಲೆ ನೋಡೋಣ.

ನೋಡಬೇಕಾದದ್ದು ಕೋನ. ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಐಪಿಎಸ್ ಮತ್ತು ವಿಎ ಅಂತ ಎರಡು ಬಗೆ. ಐಪಿಎಸ್‌ನಲ್ಲಿ ಪಕ್ಕದಿಂದ, ಕೆಳಗಿನಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ. ವಿಎ ನೇರವಾಗಿ ನೋಡುವವರಿಗೆ ಚೆನ್ನ, ಕತ್ತಲೆ ದೃಶ್ಯಗಳು ಚೆನ್ನಾಗಿ ಬರುತ್ತವೆ, ಪಕ್ಕಕ್ಕೆ ಹೋದಂತೆ ಬಿಳಿಚುತ್ತದೆ. ನೆಲದ ಮೇಲೆ, ದಿವಾನದ ತುದಿಯಲ್ಲಿ, ಊಟದ ಮೇಜಿನ ಹತ್ತಿರ ಅಂತ ಚದುರಿ ಕೂರುವ ಮನೆಗೆ ಐಪಿಎಸ್ ಹೊಂದುತ್ತದೆ. ಡಬ್ಬಿ ಮೇಲೆ ಇದನ್ನು ಬರೆದಿರುವುದು ಕಡಿಮೆ. ಅಂಗಡಿಯಲ್ಲಿ ಟಿವಿ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮೇಲೆ ನೋಡಿ, ಆಮೇಲೆ ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದು ನೋಡಿ. ನಾಲ್ಕು ಜನ ನೋಡಿದರೆ ನೋಡಲಿ, ದುಡ್ಡು ನಿಮ್ಮದು ಅಲ್ವಾ.

ಡೆಮೊ ವಿಡಿಯೊ ನಿಲ್ಲಿಸಿ ಸೆಟ್ ಟಾಪ್ ಬಾಕ್ಸ್‌ನಿಂದ ಒಂದು ಮಾಮೂಲಿ ಕನ್ನಡ ಚಾನೆಲ್ ಹಾಕಲು ಹೇಳಿ. ಪಿಕ್ಚರ್ ಮೋಡ್ ಅನ್ನು ವಿವಿಡ್‌ನಿಂದ ಸ್ಟ್ಯಾಂಡರ್ಡ್‌ಗೆ ತರಿಸಿ. ಮನೆಯಲ್ಲಿ ಕಾಣುವ ಚಿತ್ರ ಇದು. ಬಾಲ್ಕನಿ ಬಾಗಿಲ ಎದುರಿನ ಗೋಡೆಗೆ ಹಾಕುವುದಾದರೆ ಪರದೆ ಕನ್ನಡಿಯಂತೆ ಹೊಳೆಯುತ್ತದಾ ಅಂತಲೂ ನೋಡಿಕೊಳ್ಳಿ.

120 ಹರ್ಟ್ಜ್ (ಸೆಕೆಂಡಿಗೆ ಚಿತ್ರ ಬದಲಾಗುವ ಲೆಕ್ಕ), ಎಚ್‌ಡಿಆರ್ (ಬೆಳಕು ನೆರಳಿನ ವ್ಯತ್ಯಾಸ ಹೆಚ್ಚು ತೋರಿಸುವುದು) ಸ್ಟಿಕ್ಕರ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಕಾರ್ಟೂನು, ಸೀರಿಯಲ್, ಕ್ರಿಕೆಟ್ಟಿಗೆ 60 ಹರ್ಟ್ಜ್ ಸಾಕು, ಗೇಮ್ ಆಡುವವರಿಗೆ ಮಾತ್ರ ಹೆಚ್ಚಿನದು. ಕಡಿಮೆ ಬೆಲೆಯ ಟಿವಿಗಳಲ್ಲಿ ಎಚ್‌ಡಿಆರ್ ಅಂತ ಬರೆದಿದ್ದರೂ ಅದನ್ನು ತೋರಿಸುವಷ್ಟು ಬೆಳಕು ಪರದೆಗೆ ಇರುವುದಿಲ್ಲ.

ಐದನೇ ಹೆಜ್ಜೆ: ಸಾಫ್ಟ್‌ವೇರ್ ಮತ್ತು ಬೀಗ

ಗಂಟೆಗಟ್ಟಲೆ ನಿಂತು ಪರೀಕ್ಷೆ ಮಾಡಬೇಕಾದದ್ದು ಇದನ್ನು. ಅಂಗಡಿಯವರು ಇದರ ಬಗ್ಗೆ ಹೇಳುವುದೇ ಇಲ್ಲ.

ಓದಲು ಬಾರದ ಮಗು ಏನು ಹುಡುಕೀತು ಅಂತ ಅಂದುಕೊಳ್ಳಬೇಡಿ. ರಿಮೋಟ್‌ನಲ್ಲಿ ಮೈಕ್ ಬಟನ್ ಇದೆ. ಮೂರು ವರ್ಷದ ಮಗು ಅದನ್ನು ಒತ್ತಿ ಬೇಕಾದ ಬೊಂಬೆಯ ಹೆಸರು ಹೇಳುತ್ತದೆ, ಸಾಲು ಸಾಲು ವಿಡಿಯೊ ಬರುತ್ತದೆ. ಮೊದಲನೆಯದು ಮಕ್ಕಳದ್ದೇ ಇರಬಹುದು. ಆಟೊಪ್ಲೇ ಅದನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಜೊತೆಗೆ ರಿಮೋಟ್‌ನ ಕೆಳಗೆ ಯೂಟ್ಯೂಬ್, ನೆಟ್‌ಫ್ಲಿಕ್ಸ್, ಪ್ರೈಮ್ ಅಂತ ಬಣ್ಣದ ಬಟನ್‌ಗಳು. ಮಗುವಿನ ಹೆಬ್ಬೆರಳು ಮೊದಲು ಹೋಗುವುದು ಅಲ್ಲಿಗೇ.

ಅಂಗಡಿಯಲ್ಲಿ ಸೆಟ್ಟಿಂಗ್ಸ್ ತೆರೆಸಿ ಇಷ್ಟು ನೋಡಿ. ಒಂದು ಆಪ್‌ಗೆ ಬೇಕಾದರೆ ಪಿನ್ ಹಾಕಬಹುದಾ? ಆ ಬಣ್ಣದ ಬಟನ್ ಒತ್ತಿದಾಗಲೂ ಪಿನ್ ಕೇಳುತ್ತದಾ, ಇಲ್ಲ ನೇರ ಒಳಗೆ ಬಿಡುತ್ತದಾ? ಮಕ್ಕಳ ಪ್ರೊಫೈಲ್ ಮಾಡಬಹುದಾ, ಅದರಿಂದ ಹೊರಬರಲು ಪಿನ್ ಬೇಕಾ? ದಿನಕ್ಕೆ ಇಷ್ಟೇ ಹೊತ್ತು ಅಂತ ಮಿತಿ ಇಡಬಹುದಾ?

ಗೂಗಲ್ ಟಿವಿ ಅನ್ನುವ ಸಾಫ್ಟ್‌ವೇರ್ ಇರುವ ಮಾಡೆಲ್‌ಗಳಲ್ಲಿ ಮಕ್ಕಳ ಪ್ರೊಫೈಲ್ ಇದೆ. ಯಾವ ಆಪ್ ಕಾಣಬೇಕು, ದಿನಕ್ಕೆ ಎಷ್ಟು ಹೊತ್ತು, ಮಲಗುವ ಸಮಯ ಯಾವುದು ಅಂತ ಹೆತ್ತವರ ಗೂಗಲ್ ಖಾತೆಯಿಂದ ಇಡಬಹುದು. ಸಮಯ ಮುಗಿದಾಗ ಟಿವಿಯೇ ನಿಲ್ಲಿಸುತ್ತದೆ. ಅಪ್ಪ ಅಮ್ಮ ಕೆಟ್ಟವರಾಗಬೇಕಿಲ್ಲ, ಬೈಗುಳ ಟಿವಿಗೆ ಹೋಗುತ್ತದೆ. ಸ್ಯಾಮ್‌ಸಂಗ್‌ನ ಟೈಜನ್, ಎಲ್‌ಜಿಯ ವೆಬ್‌ಓಎಸ್‌ನಲ್ಲಿ ಆಪ್‌ಗೆ ಬೀಗ ಹಾಕುವ ಸೌಲಭ್ಯ ಇದೆ. ಅಮೆಜಾನ್‌ನ ಫೈರ್ ಟಿವಿಯಲ್ಲೂ ಪಿನ್ ಇಡಬಹುದು. ಒಂದೇ ಬ್ರ್ಯಾಂಡಿನ ಎರಡು ಮಾಡೆಲ್‌ಗಳಲ್ಲೇ ಮೆನು ಬೇರೆ ಬೇರೆ ಇರುವುದರಿಂದ ನೀವು ಕೊಳ್ಳುವ ಮಾಡೆಲ್‌ನಲ್ಲೇ ಮಾಡಿ ತೋರಿಸಲು ಹೇಳಿ.

ಟಿವಿಗೆ ಬೀಗ ಹಾಕಿ ಸೆಟ್ ಟಾಪ್ ಬಾಕ್ಸ್ ಬಿಟ್ಟರೆ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಡಿಶ್ ಬಾಕ್ಸ್‌ಗಳಲ್ಲಿ ಚಾನೆಲ್ ಲಾಕ್ ಇದೆ, ಎಚ್‌ಡಿಎಂಐಗೆ ಸಿಕ್ಕಿಸಿದ ಸ್ಟಿಕ್‌ಗೂ ಅದರದ್ದೇ ಪಿನ್ ಇದೆ. ಎಲ್ಲಕ್ಕೂ ಹಾಕಿ. ಕಂಪನಿಯಿಂದ ಬಂದ 0000, 1234 ಉಳಿಸಿಕೊಳ್ಳಬೇಡಿ. ಮಗುವಿನ ಹುಟ್ಟಿದ ವರ್ಷವೂ ಬೇಡ, ಒಂದನೇ ಕ್ಲಾಸಿಗೆ ಬರುವಷ್ಟರಲ್ಲಿ ಅವರಿಗೇ ಗೊತ್ತಿರುತ್ತದೆ.

ಒಟಿಟಿಯಲ್ಲಿ ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ವಯಸ್ಸಿನ ಗುರುತು ಹಾಕಬೇಕು ಅಂತ 2021ರ ಐಟಿ ನಿಯಮಗಳು ಹೇಳುತ್ತವೆ. 13+ ಮತ್ತು ಮೇಲ್ಪಟ್ಟದ್ದಕ್ಕೆ ಹೆತ್ತವರು ಬೀಗ ಹಾಕುವ ಸೌಲಭ್ಯವನ್ನೂ ಕೊಡಲೇಬೇಕು. ಸೌಲಭ್ಯ ಇದೆ, ಆನ್ ಮಾಡಬೇಕಾದವರು ನಾವು. ಒಂದೊಂದು ಆಪ್‌ನ ಖಾತೆಗೂ ಹೋಗಿ ಮಕ್ಕಳ ಪ್ರೊಫೈಲ್ ಮಾಡಿ, ದೊಡ್ಡವರ ಪ್ರೊಫೈಲ್‌ಗೆ ಪಿನ್ ಹಾಕಿ.

ಯೂಟ್ಯೂಬ್‌ಗೆ ನನ್ನ ದಾರಿ ಇದು: ಮಾಮೂಲಿ ಯೂಟ್ಯೂಬ್ ಆಪ್‌ಗೆ ಪಿನ್. ಮಕ್ಕಳಿಗೆ ಯೂಟ್ಯೂಬ್ ಕಿಡ್ಸ್, ಹಲವು ಟಿವಿಗಳಲ್ಲಿ ಈಗ ಅದು ಬೇರೆ ಆಪ್ ಆಗಿ ಸಿಗದೆ ಯೂಟ್ಯೂಬ್ ಆಪ್‌ನೊಳಗೇ ಇರುವುದರಿಂದ ಪಿನ್ ಹಾಕಿ ನೀವೇ ತೆರೆದುಕೊಡಿ. ಕಿಡ್ಸ್‌ನಲ್ಲೂ ಹೆತ್ತವರು ಒಪ್ಪಿದ ವಿಡಿಯೊ ಮತ್ತು ಚಾನೆಲ್ ಮಾತ್ರ ಕಾಣುವ ಸೆಟ್ಟಿಂಗ್ ಇದೆ, ಅದನ್ನು ಆರಿಸಿದರೆ ಹುಡುಕುವುದೇ ನಿಂತುಹೋಗುತ್ತದೆ. ಹತ್ತು ಹನ್ನೆರಡು ಒಳ್ಳೆ ಕನ್ನಡ ಕಥೆ, ಹಾಡಿನ ಚಾನೆಲ್ ಆರಿಸಿಡಲು ಒಂದು ಸಂಜೆ ಹಿಡಿಯುತ್ತದೆ. ಮಕ್ಕಳು ನೋಡಿದ್ದನ್ನೇ ನೋಡುತ್ತಾರೆ, ಹೊಸದು ಬೇಕು ಅಂತ ಕಾಡುವುದು ದೊಡ್ಡವರೇ. ಇಂಟರ್ನೆಟ್ಟೇ ಬೇಡ ಅನ್ನುವವರಿಗೆ ಕನ್ನಡದ್ದೇ ಮಕ್ಕಳ ಚಾನೆಲ್ ಚಿಂಟು ಟಿವಿ 2009ರಿಂದ ಇದೆ. ಚಾನೆಲ್‌ನಲ್ಲಿ ಒಂದು ಅನುಕೂಲ: ಕಾರ್ಯಕ್ರಮ ಮುಗಿಯುತ್ತದೆ, ಎದ್ದೇಳಲು ಒಂದು ಸಮಯ ಸಿಗುತ್ತದೆ.

ರ‍್ಯಾಮ್ 2 ಜಿಬಿ, ಸ್ಟೋರೇಜ್ 16 ಜಿಬಿ ಇರಲಿ. 1 ಜಿಬಿ, 8 ಜಿಬಿಯ ಅಗ್ಗದ ಟಿವಿ ವರ್ಷದೊಳಗೆ ತೆವಳಲು ಶುರು ಮಾಡುತ್ತದೆ. ಆಪ್ ತೆರೆಯಲು ಅರ್ಧ ನಿಮಿಷ ಹಿಡಿದರೆ ಮಗು ರಿಮೋಟ್‌ನ ಎಲ್ಲಾ ಬಟನ್ ಒತ್ತಿರುತ್ತದೆ.

ರಿಮೋಟ್‌ನ ಬಗ್ಗೆಯೇ ಒಂದು ಮಾತು. ಬೆರಳುದ್ದದ ಸೆಲ್ ಹಾಕುವ ರಿಮೋಟ್ ಒಳ್ಳೆಯದು. ಕೆಲವು ಪುಟ್ಟ ರಿಮೋಟ್‌ಗಳಲ್ಲಿ ನಾಣ್ಯದಂಥ ಚಪ್ಪಟೆ ಸೆಲ್ ಇರುತ್ತದೆ. ಮಗು ಅದನ್ನು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅಂಥ ರಿಮೋಟ್ ಬಂದರೆ ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ಶಬ್ದ, ಪೋರ್ಟ್, ವೈಫೈ

20 ವಾಟ್ ಸ್ಪೀಕರ್ ಸಾಕು. ಮಾತು ಸ್ಪಷ್ಟವಾಗಿ ಕೇಳುತ್ತದಾ ಅಂತ ವಾರ್ತೆ ಹಾಕಿ ಕೇಳಿ, ಹಾಡು ಹಾಕಿ ಅಲ್ಲ. ಮಾತು ಸರಿಯಾಗಿ ಕೇಳದಿದ್ದರೆ ಅಜ್ಜಿ ವಾಲ್ಯೂಮ್ ಏರಿಸುತ್ತಾರೆ, ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಎದ್ದು ಕೂರುತ್ತದೆ. ಬ್ಲೂಟೂತ್ ಇದ್ದರೆ ಹೆಡ್‌ಫೋನ್ ಹಾಕಿಕೊಳ್ಳಬಹುದು. ಎಚ್‌ಡಿಎಂಐ ಮೂರು ಇರಲಿ, ಪಕ್ಕಕ್ಕೆ ತೆರೆದಿರಲಿ. ಹಿಂದಕ್ಕೆ ಇದ್ದರೆ ಗೋಡೆಗೆ ಹಾಕಿದ ಮೇಲೆ ಕೈ ಹೋಗುವುದಿಲ್ಲ. ವೈಫೈ 5 ಗಿಗಾಹರ್ಟ್ಜ್ ಹಿಡಿಯುವಂಥದ್ದು ನೋಡಿ.

ಕರೆಂಟ್ ಮತ್ತು ಸಿಡಿಲು

ಟಿವಿಯ ಸ್ಟಾರ್ ಲೇಬಲ್ ಜೊತೆಗೆ ವಾಟ್ ಎಷ್ಟು ಅಂತ ನೋಡಿ. 100 ವಾಟ್‌ನ ಟಿವಿ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್. ಹಳೇ 32 ಇಂಚಿನದು 50 ವಾಟ್ ಇದ್ದರೆ ಏಳೂವರೆ ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರು ಈ ಏಳೆಂಟು ಯೂನಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಚಿತ ಸಿಗುವುದು ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಮಾತ್ರ, ಅದನ್ನು ಮೀರಿದ್ದಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂಚಿನಲ್ಲಿರುವ ಮನೆಗೆ 55ರ ಬದಲು 43 ತೆಗೆದುಕೊಳ್ಳಲು ಇದೇ ಕಾರಣ ಸಾಕು.

ಈಗಿನ ಟಿವಿಗಳು ವೋಲ್ಟೇಜ್ ಏರಿಳಿತವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಹೆಚ್ಚಿನ ಮನೆಗಳಿಗೆ ಸ್ಟೆಬಿಲೈಜರ್ ಬೇಕಿಲ್ಲ, ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಬೇಕು. ಆದರೆ ಸಿಡಿಲಿಗೆ ಯಾವ ಸರ್ಜ್ ಪ್ರೊಟೆಕ್ಟರೂ ಖಾತ್ರಿಯಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕೀಳಿ. ಡಿಶ್ ವೈರ್, ಇಂಟರ್ನೆಟ್ ಬಾಕ್ಸಿನಿಂದ ಬರುವ ತಾಮ್ರದ ಕೇಬಲ್ ಕೂಡ ಕೀಳಿ. ಮಲೆನಾಡು, ಕರಾವಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಕಪ್ಪು ಮೋಡ ಕಂಡರೆ ಅವರು ಮೊದಲು ಮಾಡುವ ಕೆಲಸವೇ ಅದು. ಗೋಡೆಗೆ ಹಾಕಿದ ಟಿವಿಯ ಪ್ಲಗ್ ಕೈಗೆ ಸಿಗುವಂತಿರಲಿ, ದೊಡ್ಡವರ ಕೈಗೆ ಮಾತ್ರ.

ಕೊಳ್ಳುವ ದಿನ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. 32 ಮತ್ತು ಅದಕ್ಕಿಂತ ಚಿಕ್ಕದಕ್ಕೆ ಮೊದಲೇ ಶೇ 18 ಇತ್ತು. ಬಿಲ್‌ನಲ್ಲಿ ತೆರಿಗೆಯ ಸಾಲು ನೋಡಿಕೊಳ್ಳಿ. ಆಯುಧಪೂಜೆಯಿಂದ ದೀಪಾವಳಿವರೆಗೆ ರಿಯಾಯಿತಿ ಜಾಸ್ತಿ. ಅಷ್ಟು ಕಾಯಲಾಗದಿದ್ದರೆ ಹಿಂದಿನ ವರ್ಷದ ಮಾಡೆಲ್ ಕೇಳಿ, ಮಕ್ಕಳ ಮನೆಗೆ ಅದರಿಂದ ಏನೂ ಕಮ್ಮಿಯಾಗುವುದಿಲ್ಲ.

ನೋ ಕಾಸ್ಟ್ ಇಎಂಐ ಅಂದರೂ ಪ್ರೊಸೆಸಿಂಗ್ ಫೀ, ಬಡ್ಡಿಯ ಮೇಲಿನ ಜಿಎಸ್‌ಟಿ ಅಂತ ಒಂದಿಷ್ಟು ಸೇರುವುದುಂಟು. ಒಟ್ಟು ಎಷ್ಟು ಕಟ್ಟುತ್ತೀರಿ ಅಂತ ಕೇಳಿ, ನಗದು ಬೆಲೆಯ ಪಕ್ಕ ಬರೆಸಿಕೊಳ್ಳಿ.

ವಾರಂಟಿಯಲ್ಲಿ ಒಡೆದ ಪರದೆ ಬರುವುದಿಲ್ಲ. ಹಣ ಕೊಟ್ಟು ಹೆಚ್ಚಿಸಿಕೊಂಡ ವಾರಂಟಿಯಲ್ಲೂ ಸಾಮಾನ್ಯವಾಗಿ ಬರುವುದಿಲ್ಲ. ಬೇರೆಯಾಗಿ ಆಕಸ್ಮಿಕ ಹಾನಿಯ ಪ್ಲಾನ್ ಅಂತ ಇದ್ದರೆ ಅದರಲ್ಲಿ ಮಾತ್ರ. ಪ್ಯಾನೆಲ್ ಬದಲಿಸುವ ಖರ್ಚು ಹೊಸ ಟಿವಿಯ ಬೆಲೆಗೆ ಹತ್ತಿರ ಹೋಗುವುದರಿಂದ, ಪ್ಲಾಸ್ಟಿಕ್ ಬ್ಯಾಟು ಚೆಂಡು ಹಿಡಿದ ಮಕ್ಕಳಿರುವ ಮನೆಯವರು ಆ ಪ್ಲಾನ್‌ನ ಷರತ್ತು ಓದಿ ಯೋಚಿಸಬಹುದು. ಪರದೆ ಮುಂದೆ ಹಾಕುವ ಅಕ್ರಿಲಿಕ್ ಗಾರ್ಡ್ ಕೂಡ ಸಿಗುತ್ತದೆ. ಹೊಳಪು ಹೆಚ್ಚಾಗಿ ಹಗಲಲ್ಲಿ ನೋಡಲು ಕಷ್ಟ, ಆದರೂ ಹಾಲ್‌ನಲ್ಲೇ ಕ್ರಿಕೆಟ್ ಆಡುವ ಮನೆಗೆ ನಾನು ಬೇಡ ಅನ್ನುವುದಿಲ್ಲ.

ನಿಮ್ಮ ಊರಿನಲ್ಲಿ ಅಥವಾ ಹತ್ತಿರದ ಜಿಲ್ಲಾ ಕೇಂದ್ರದಲ್ಲಿ ಸರ್ವಿಸ್ ಸೆಂಟರ್ ಇದೆಯಾ ಅಂತ ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ. ಅಗ್ಗದ ಆನ್‌ಲೈನ್ ಬ್ರ್ಯಾಂಡ್‌ಗಳು ಎಡವುವುದು ಇಲ್ಲಿಯೇ. ಬಿಲ್ ಮೇಲೆ ಮಾಡೆಲ್ ಮತ್ತು ಸೀರಿಯಲ್ ನಂಬರ್ ಎರಡೂ ಇರಲಿ. ಜಗಳ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಟಿವಿ ಮನೆಗೆ ಬಂದಾಗ

ಡಬ್ಬಿ ಬಂದ ಕೂಡಲೇ ಮಕ್ಕಳಿಗೆ ಹಬ್ಬ. ಒಳಗಿನ ದೊಡ್ಡ ಪ್ಲಾಸ್ಟಿಕ್ ಕವರ್, ಥರ್ಮಾಕೋಲ್ ಚೂರು, ಸಿಲಿಕಾ ಜೆಲ್ ಪೊಟ್ಟಣ ತಕ್ಷಣ ಎತ್ತಿಡಿ. ಖಾಲಿ ರಟ್ಟಿನ ಡಬ್ಬಿ ಆಡಲು ಕೊಡಬಹುದು, ಆದರೆ ಬದಲಿ ಕೊಡುವ ಅವಧಿ ಮುಗಿಯುವವರೆಗೆ ಹರಿಯದ ಹಾಗೆ ನೋಡಿಕೊಳ್ಳಿ. ಬಿಚ್ಚುವುದನ್ನು ವಿಡಿಯೊ ಮಾಡಿ. ಕಂಪನಿಯವರೇ ಬಂದು ಬಿಚ್ಚಬೇಕು ಅನ್ನುವ ಷರತ್ತಿದ್ದರೆ ಕಾಯಿರಿ. ಆನ್ ಮಾಡಿ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಚುಕ್ಕೆ, ಮೂಲೆಯ ಬಿರುಕು ಇದೆಯಾ ನೋಡಿ. ಎಲ್ಲಾ ಪೋರ್ಟ್‌ಗೂ ಒಮ್ಮೆ ಸಿಕ್ಕಿಸಿ ನೋಡಿ.

ಸೆಟ್ಟಿಂಗ್ ಮಾಡುವುದು ಮಕ್ಕಳು ಮಲಗಿದ ಮೇಲೆ. ಸ್ಟೋರ್ ಮೋಡ್ ಬಿಟ್ಟು ಹೋಮ್ ಮೋಡ್ ಆರಿಸಿ. ಚಿತ್ರವನ್ನು ಸ್ಟ್ಯಾಂಡರ್ಡ್ ಅಥವಾ ಸಿನಿಮಾಕ್ಕೆ ತನ್ನಿ, ಬ್ರೈಟ್‌ನೆಸ್ ಇಳಿಸಿ. ಕತ್ತಲೆ ಕೋಣೆಯಲ್ಲಿ ನೋಡುವುದು ಬೇಡ, ಒಂದು ದೀಪ ಉರಿಯುತ್ತಿರಲಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಆಮೇಲೆ ಪಿನ್‌ಗಳು. ಆಟೊಪ್ಲೇ ಆಫ್. ನೀವು ನೋಡಿದ್ದನ್ನು ಗುರುತಿಸಿ ಜಾಹೀರಾತಿಗೆ ಕಳಿಸುವ ಒಂದು ಸೆಟ್ಟಿಂಗ್ ಹೆಚ್ಚಿನ ಸ್ಮಾರ್ಟ್ ಟಿವಿಗಳಲ್ಲಿದೆ. ಶುರುವಿನಲ್ಲಿ ಎಲ್ಲಕ್ಕೂ ಒಪ್ಪಿಗೆ ಅಂತ ಒತ್ತದೆ ಒಂದೊಂದೇ ಓದಿ, ಅದನ್ನು ಬೇಡ ಅನ್ನಿ. ಕೊಳ್ಳುವ ಆಪ್‌ಗಳಿಗೆ ಕಾರ್ಡ್ ಸೇರಿಸಿದ್ದರೆ ಖರೀದಿಗೂ ಪಿನ್ ಹಾಕಿ.

ಪರದೆ ಮೇಲೆ ಎಣ್ಣೆ ಕೈ, ಕ್ರೇಯಾನ್ ಗೆರೆ ಮೊದಲ ವಾರದಲ್ಲೇ ಬರುತ್ತವೆ. ಕಿಟಕಿ ಗಾಜಿಗೆ ಹಾಕುವ ಸ್ಪ್ರೇ ಬೇಡ, ಪರದೆಯ ಲೇಪ ಹಾಳಾಗುತ್ತದೆ. ಟಿವಿ ಆಫ್ ಮಾಡಿ, ಆರಿದ ಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ನೀರನ್ನು ಪರದೆಗೆ ಚಿಮುಕಿಸಬೇಡಿ, ಕೆಳಗಿನ ಅಂಚಿನಿಂದ ಒಳಗೆ ಇಳಿಯುತ್ತದೆ.

ಹಳೇ ಟಿವಿಯನ್ನು ಮಕ್ಕಳ ಕೋಣೆಯ ಸ್ಟೂಲ್ ಮೇಲೆ ಇಡುವ ಯೋಚನೆ ಬಂದರೆ ಬಿಟ್ಟುಬಿಡಿ. ಹಳೇ ಡಬ್ಬಾ ಟಿವಿಯಲ್ಲಂತೂ ಭಾರವೆಲ್ಲ ಮುಂಭಾಗದಲ್ಲಿರುತ್ತದೆ, ಸ್ವಲ್ಪ ಎಳೆದರೂ ಮುಗ್ಗರಿಸುತ್ತದೆ. ಅದರ ಗಾಜಿನಲ್ಲಿ ಸೀಸ ಇರುತ್ತದೆ, ಗುಜರಿಯವರಿಗೆ ಕೊಟ್ಟರೆ ಒಡೆದು ತಾಮ್ರ ತೆಗೆದು ಉಳಿದದ್ದನ್ನು ಎಸೆಯುತ್ತಾರೆ. ಅಂಗಡಿಯ ಎಕ್ಸ್‌ಚೇಂಜ್‌ಗೆ ಕೊಡಿ, ಇಲ್ಲದಿದ್ದರೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ. ಎಕ್ಸ್‌ಚೇಂಜ್ ಬೆಲೆಯನ್ನು ಬಿಲ್‌ನಲ್ಲೇ ಬರೆಸಿ. ಸ್ಮಾರ್ಟ್ ಟಿವಿಯಾದರೆ ಒಯ್ಯುವ ಮುನ್ನ ಫ್ಯಾಕ್ಟರಿ ರಿಸೆಟ್ ಮಾಡಿ. ಇಲ್ಲದಿದ್ದರೆ ನಿಮ್ಮ ಒಟಿಟಿ ಖಾತೆ ಇನ್ನೊಬ್ಬರ ಮನೆಯಲ್ಲಿ ತೆರೆದುಕೊಳ್ಳುತ್ತದೆ.